ಪರದೆಯ ಮೇಲೆ ಬಂದುಹೋದ ಟ್ಯಾಂಕರ್

ನನಗೆ ಯಂತ್ರಗಳೆಂದರೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬರೆಯುವುದನ್ನು ಓದಿ, ಮೊಬೈಲು ಇಂಟರ್ನೆಟ್ಟು ಕಂಡರಾಗದ ಯಾವಳೋ ಸಿಡುಕಿ ಬರೆದದ್ದು ಎಂದು ನೀವು ಪಕ್ಕಕ್ಕಿಟ್ಟೀರಿ. ಸಿಡುಕಿ ಹೌದು. ಆದರೆ ಹೊಸ ಫೋನು ಕೈಗೆ ಬಂದರೆ ಊಟ ಮರೆತು ಅದರ ಸೆಟ್ಟಿಂಗುಗಳನ್ನು ಒಂದೊಂದಾಗಿ ತೆರೆದು ನೋಡುವ ಹೆಂಗಸೂ ಹೌದು. ನನ್ನದು ಯಂತ್ರ ಗೊತ್ತಿಲ್ಲದವರ ಸಿಟ್ಟಲ್ಲ. ಯಂತ್ರವನ್ನು ನಂಬಿ, ಅದರ ಪರವಾಗಿ ಜಗಳಕ್ಕೆ ನಿಂತು, ನನ್ನವರನ್ನೇ ಸುಳ್ಳುಗಾರರನ್ನಾಗಿ ಮಾಡಿದವಳ ಸಿಟ್ಟು.

ಈ ಹುಚ್ಚು ಹತ್ತಿಸಿದವಳು ನನ್ನ ದೊಡ್ಡವ್ವ, ಅಮ್ಮನ ಅಕ್ಕ. ಔರಾದಿನ ಆಚೆಗಿನ ಒಂದು ಹಳ್ಳಿಯಲ್ಲಿ ಅವಳ ಮನೆ. ಊರಿನ ಹೆಂಗಸರಿಗೆಲ್ಲ ಜಂಪರು ಹೊಲಿದುಕೊಡುವುದು ಅವಳ ಕೆಲಸ. ನಾವಿದ್ದದ್ದು ಬೀದರಿನ ಚಿದ್ರಿಯಲ್ಲಿ. ಬೇಸಿಗೆ ರಜೆಗೆ ಅವಳ ಮನೆಗೆ ಹೋದಾಗ ಅವಳು ಹೊಲಿಗೆ ಮಷಿನ್ನಿನ ತಲೆ ಹಿಂದಕ್ಕೆ ಮಗುಚಿ, ಒಳಗಿನ ಹಲ್ಲುಗಾಲಿಗಳನ್ನು ತೋರಿಸಿ, ಎಲ್ಲೆಲ್ಲಿ ಎಣ್ಣೆ ಬಿಡಬೇಕು ಎಂದು ನನಗೆ ಕಲಿಸುತ್ತಿದ್ದಳು. ದಾರ ತುಂಡಾದರೆ ನಾನು ಮಷಿನ್ನಿಗೆ ಬೈಯುತ್ತಿದ್ದೆ. ಅವಳು ನಗುತ್ತಿದ್ದಳು. ನಮ್ಮ ಕಡೆ ಹುಡುಗಿಯರನ್ನು ಅಕ್ಕರೆಯಿಂದ ಕರೆಯುವ ಹಾಗೆ ನನ್ನನ್ನು 'ಬಾಯಿ' ಎನ್ನುತ್ತಿದ್ದಳು.

"ಮಷಿನ್ ಸುಳ್ಳ ಹೇಳಲ್ಲ ಬಾಯಿ. ಹೊಲಿಗಿ ತಪ್ಪ್ಯಾದಂದ್ರ ಕೈದೇ ತಪ್ಪು."

ಹತ್ತು ವರ್ಷದ ಹುಡುಗಿಗೆ ಆ ಮಾತು ಎದೆಗೆ ಬಿತ್ತು. ಅಪ್ಪನ ರೇಡಿಯೊ ಬಿಚ್ಚಿದೆ. ನೆರೆಮನೆಯವರ ಕೆಟ್ಟ ಟಾರ್ಚು, ನಿಂತ ಗಡಿಯಾರ ಎಲ್ಲ ಬಿಚ್ಚಿದೆ. ಕಾಲೇಜಿಗೆ ಬರುವಷ್ಟರಲ್ಲಿ ಚಿದ್ರಿಯ ನಮ್ಮ ಸಾಲಿನ ಮನೆಗಳಲ್ಲಿ ಯಾರ ಫೋನಿನಲ್ಲಿ ಕನ್ನಡದ ಬದಲು ಚೌಕ ಚೌಕ ಡಬ್ಬಿಗಳು ಕಂಡರೂ ಅದು ನನ್ನ ಕೈಗೇ ಬರುತ್ತಿತ್ತು. ಕನ್ನಡ ಅಕ್ಷರ ಮೂಡಿಸಿಕೊಟ್ಟಾಗ ಅವರ ಮುಖ ನೋಡುವುದೇ ನನಗೆ ಹಬ್ಬ. ತನ್ನ ಭಾಷೆಯಲ್ಲಿ ತನ್ನ ಹೆಸರು ಗಾಜಿನ ಮೇಲೆ ಮೂಡಿದ್ದನ್ನು ಕಂಡ ಒಬ್ಬ ಮುದುಕಿ ಅದನ್ನು ಬೆರಳಿನಿಂದ ಸವರಿ, ಪರದೆ ಜಾರಿ ಬೇರೇನೋ ಬಂದಾಗ, "ಅಯ್ಯ, ಅಳಸಿಹೋಯ್ತಲ್ಲ" ಎಂದು ಗಾಬರಿಯಾಗಿದ್ದಳು. ಫೋನು ಮಾಡಿದವರಿಗೆ ಆ ಮುದುಕಿ ಯಾಕೆ ನೆನಪಾಗುವುದಿಲ್ಲ ಎಂದು ನನಗೆ ಆಗಲೇ ಒಂದಿಷ್ಟು ಸಿಟ್ಟಿತ್ತು. ಸಣ್ಣ ಅಕ್ಷರ, ಸಣ್ಣ ಗುಂಡಿ, ಯಾರಿಗೂ ಅರ್ಥವಾಗದ ಕನ್ನಡ. ಆದರೂ ಅದೆಲ್ಲ ಸರಿಹೋಗುತ್ತದೆ, ಒಂದೆರಡು ವರ್ಷ ತಾಳಿದರೆ ಸಾಕು ಎಂದು ನಂಬಿದ್ದೆ.

ಸತತ ಎರಡನೇ ವರ್ಷ ಮಳೆ ಕೈಕೊಟ್ಟಾಗ ನನಗೆ ಕೆಲಸ ಸಿಕ್ಕಿತು. ಮಳೆಯಿಲ್ಲದ್ದರಿಂದಲೇ ಸಿಕ್ಕಿತು ಎಂದರೂ ತಪ್ಪಿಲ್ಲ. ಹಳ್ಳಿಗಳಿಗೆ ಟ್ಯಾಂಕರಿನಲ್ಲಿ ನೀರು ಹೋಗುತ್ತಿತ್ತು. ಟ್ಯಾಂಕರುಗಳು ನಿಜಕ್ಕೂ ಹೋಗುತ್ತವೆಯೋ ಇಲ್ಲವೋ ಎಂದು ಕಣ್ಣಿಡುವ ಗುತ್ತಿಗೆಯನ್ನು ಒಂದು ಖಾಸಗಿ ಕಂಪನಿ ಹಿಡಿದಿತ್ತು. ಅದರ ಕೋಣೆ ಭಾಲ್ಕಿಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ದಿನಾ ಬೆಳಿಗ್ಗೆ ಬೀದರಿನಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ಹಲಬರ್ಗಾ ದಾಟುವಾಗ ಎರಡೂ ಬದಿಯ ಹೊಲಗಳು ಬಿರುಕು ಬಿಟ್ಟು ಬಿದ್ದಿರುತ್ತಿದ್ದವು. ಎದುರಿನಿಂದ ಬರುವ ಬಸ್ಸುಗಳ ತಲೆಯ ಮೇಲೆ ಗಂಟು, ಚೀಲ, ತಗಡಿನ ಪೆಟ್ಟಿಗೆ. ಭಾಲ್ಕಿ ಸ್ಟೇಷನ್ನಿನಲ್ಲಿ ಹೈದರಾಬಾದ್ ಕಡೆಯ ಗಾಡಿಗೆ ಕಾಯುತ್ತ ಗುಳೆ ಹೊರಟ ಮಂದಿ ಹಾಸಿಗೆ ಗಂಟಿನ ಮೇಲೆಯೇ ಕುಳಿತಿರುತ್ತಿದ್ದರು. ನಾನು ಅವರನ್ನು ನೋಡುತ್ತಿದ್ದೆ, ಮರುಕಪಡುತ್ತಿದ್ದೆ, ಆಮೇಲೆ ಮಾಳಿಗೆ ಹತ್ತಿ ಕಂಪ್ಯೂಟರಿನ ಮುಂದೆ ಕುಳಿತರೆ ಎಲ್ಲ ಮರೆಯುತ್ತಿದ್ದೆ. ಅಷ್ಟು ಚೆಂದವಿತ್ತು ಆ ಪರದೆ.

ಪ್ರತಿ ಟ್ಯಾಂಕರಿಗೂ ಸಾಬೂನಿನ ಅಳತೆಯ ಒಂದು ಕರಿ ಡಬ್ಬಿ ಕೂರಿಸಿದ್ದರು. ಅದರೊಳಗೊಂದು ಸಿಮ್. ತಾನಿರುವ ಜಾಗವನ್ನು ಅದು ಕೆಲವು ಸೆಕೆಂಡಿಗೊಮ್ಮೆ ನಮಗೆ ತಿಳಿಸುತ್ತಿತ್ತು. ನಕ್ಷೆಯ ಮೇಲೆ ಒಂದೊಂದು ಟ್ಯಾಂಕರೂ ಒಂದೊಂದು ಹಳದಿ ಚುಕ್ಕೆ. ಪ್ರತಿ ಹಳ್ಳಿಯ ಸುತ್ತ ಒಂದು ನೀಲಿ ವೃತ್ತ. ಚುಕ್ಕೆ ವೃತ್ತದೊಳಗೆ ಹೊಕ್ಕು ಒಂದಿಷ್ಟು ಹೊತ್ತು ನಿಂತರೆ ಆ ಊರಿಗೆ ನೀರು ತಲುಪಿತು ಎಂದು ಲೆಕ್ಕ. ಮೊದಲ ವಾರ ನಾನು ಚಹಾ ಕುಡಿಯುವುದನ್ನೂ ಬಿಟ್ಟು ಆ ಚುಕ್ಕೆಗಳ ಓಡಾಟ ನೋಡುತ್ತ ಕೂತಿದ್ದೆ. ಎಲ್ಲೋ ಬಿಸಿಲಿನಲ್ಲಿ ನೀರು ಹೊತ್ತ ಗಾಡಿ ಹೋಗುತ್ತಿದೆ, ಅದನ್ನು ನಾನು ಇಲ್ಲಿ ಕೂತು ನೋಡುತ್ತಿದ್ದೇನೆ! ಇನ್ನು ಯಾರೂ ಮೋಸ ಮಾಡಲಾರರು ಎಂದು ಎದೆಯುಬ್ಬಿಸಿ ಅಮ್ಮನಿಗೆ ಹೇಳಿದ್ದೆ.

ನನ್ನ ಕೆಲಸ ದೂರುಗಳನ್ನು ನೋಡುವುದು. ನೀರು ಬರದಿದ್ದರೆ ಊರವರು ಮೊಬೈಲಿನಲ್ಲಿ ದೂರು ಕೊಡಬಹುದಿತ್ತು. ದೂರು ಬಂದ ತಕ್ಷಣ ಆ ದಿನ ಆ ಊರಿನ ವೃತ್ತದೊಳಗೆ ಚುಕ್ಕೆ ಹೋಗಿತ್ತೇ ಎಂದು ನಾನು ಪರಿಶೀಲಿಸಬೇಕು. ಹೋಗಿದ್ದರೆ 'ಪರಿಹರಿಸಲಾಗಿದೆ' ಎಂಬ ಗುಂಡಿ ಒತ್ತಬೇಕು. ದೂರು ಕೊಟ್ಟವರಿಗೆ ಸಂದೇಶ ಹೋಗುತ್ತಿತ್ತು. ದೂರುಗಳು ಹೆಚ್ಚಾದಾಗ ಒಂದೊಂದನ್ನೇ ನೋಡುವುದು ನನಗೆ ಬೇಸರವಾಯಿತು. ಚುಕ್ಕೆಗೂ ದೂರಿಗೂ ತಾಳೆ ಹಾಕಿ, ಚುಕ್ಕೆ ಹೋಗಿದ್ದ ಊರುಗಳ ದೂರುಗಳನ್ನೆಲ್ಲ ಒಂದೇ ಸಲಕ್ಕೆ ಮುಚ್ಚುವ ಒಂದು ಉಪಾಯ ಮಾಡಿದೆ. ಯಾರೂ ಕೇಳಿರಲಿಲ್ಲ, ನಾನೇ ಉಮೇದಿನಿಂದ ಮಾಡಿದೆ. ಮ್ಯಾನೇಜರ್ ಹಿಗ್ಗಿಹೋದರು. ಬೇರೆ ಕಡೆಯಿಂದ ಬಂದಿದ್ದ, ಇಸ್ತ್ರಿ ಮಡಿಕೆ ಮುರಿಯದ ಅಂಗಿಯ ಆ ಮನುಷ್ಯ ನನ್ನ ಕುರ್ಚಿಯ ಹಿಂದೆ ನಿಂತು, "ನಿಮ್ಮಂಥ ನಾಲ್ಕು ಜನ ಇದ್ದರೆ ಸಾಕಮ್ಮ" ಎಂದರು. ಆ ಹೊಗಳಿಕೆ ನೆನಪಾದರೆ ಈಗ ನನ್ನ ಮೇಲೆ ನನಗೇ ಅಸಹ್ಯ.

ದೊಡ್ಡವ್ವನ ಊರೂ ನಮ್ಮ ಪಟ್ಟಿಯಲ್ಲಿತ್ತು. ಅವಳಿಗೆ ನಾನೇ ಒಂದು ಫೋನು ಕೊಡಿಸಿ, ದೂರು ಕೊಡುವುದನ್ನೂ ಕಲಿಸಿದ್ದೆ. ಒಂದು ಮಧ್ಯಾಹ್ನ ಅವಳ ಕರೆ ಬಂತು.

"ಏ ಬಾಯಿ, ನಾಕ್ ದಿನ ಆಯ್ತು ಟ್ಯಾಂಕರ್ ಬಂದಿಲ್ಲ. ನೀ ಹೇಳ್ಕೊಟ್ಟಂಗ ಒತ್ತೀನಿ. ಪರಿಹಾರ ಆಗ್ಯಾದ ಅಂತ ಬರಲತ್ತದ. ಯಾರ ಮಾಡ್ಯಾರ ಪರಿಹಾರ?"

ನಾನು ನಕ್ಷೆ ನೋಡಿದೆ. ಚುಕ್ಕೆ ನಾಲ್ಕೂ ದಿನ ಅವಳ ಊರಿಗೆ ಹೋಗಿತ್ತು. ನಿಂತಿತ್ತು. ಒಂದು ದಿನವಂತೂ ಅವಳ ಓಣಿಯ ಒಳಗೇ ಹೋಗಿತ್ತು.

"ಬಂದದ ದೊಡ್ಡವ್ವ. ನಕ್ಷೆದಾಗ ಕಾಣಸ್ಲತ್ತದ. ನಿನ್ನ ಮನಿ ಮುಂದೇ ನಿಂತಿತ್ತು ನಿನ್ನೆ."

"ನನ್ನ ಮನಿ ಮುಂದ? ನಾ ಎಲ್ಲಿದ್ನಿ ಮತ್ತ?"

"ಮಷಿನ್ ತುಳೀಲತ್ತಿರ್ತಿ, ಸಪ್ಪಳದಾಗ ಕೇಳಿರಲ್ಲ."

"ಓಣಿ ಮಂದೆಲ್ಲ ಮಷಿನ್ ತುಳೀಲತ್ತಿದ್ರಾ?"

ನನಗೆ ರೇಗಿತು. ಎದುರಿಗೆ ಇನ್ನೂ ರಾಶಿ ದೂರುಗಳಿದ್ದವು. "ಮಷಿನ್ ಸುಳ್ಳ ಹೇಳಲ್ಲ ಅಂತ ನೀನೇ ಹೇಳ್ತಿದ್ದಿ ಹೌದಿಲ್ಲ? ಈಗ್ಯಾಕ ವಾದ ಮಾಡ್ತಿ?"

ಅವಳು ಸಣ್ಣ ದನಿಯಲ್ಲಿ, "ಆಯ್ತವ್ವಾ. ನಿನ್ನ ಡಬ್ಬಿ ಖರೇ. ನಾವೇ ಸುಳ್ಳ," ಎಂದು ಫೋನಿಟ್ಟಳು.

ನಾನು ಅವಳ ದೂರನ್ನು ಮುಚ್ಚಿದೆ. ಮರುದಿನ ಇನ್ನೊಂದು ಬಂತು. ಅದನ್ನೂ ಮುಚ್ಚಿದೆ. ಅದರ ಮರುದಿನದ್ದನ್ನೂ. ಆಮೇಲೆ ಅವಳು ದೂರು ಕೊಡುವುದನ್ನೇ ನಿಲ್ಲಿಸಿದಳು. ಅಲ್ಲಿಗೆ ನೀರು ಬರತೊಡಗಿತು ಅಂತಲೇ ನಾನು ಅಂದುಕೊಂಡೆ. ದೂರು ನಿಂತರೆ ತೊಂದರೆ ನಿಂತಿತು ಎಂದು ತಿಳಿಯುವ ಮೂರ್ಖತನ ಕಂಪ್ಯೂಟರಿಗೆ ತಾನಾಗಿ ಬರುವುದಿಲ್ಲ. ನಮ್ಮಂಥವರೇ ಕಲಿಸಬೇಕು.

ಎರಡು ವಾರ ಕಳೆದ ಮೇಲೆ ಅಮ್ಮ, ದೊಡ್ಡವ್ವ ಫೋನಿನಲ್ಲಿ ಸರಿಯಾಗಿ ಮಾತಾಡುತ್ತಿಲ್ಲ, ಒಮ್ಮೆ ಹೋಗಿ ನೋಡಿ ಬಾ ಎಂದಳು. ಭಾನುವಾರ ಹೊರಟೆ. ಔರಾದಿನಲ್ಲಿ ಬಸ್ಸಿಳಿದು, ಟಂಟಂ ಆಟೊ ಹಿಡಿದು ಊರು ಮುಟ್ಟುವಷ್ಟರಲ್ಲಿ ಹನ್ನೊಂದು. ನಮ್ಮವರ ಓಣಿ ಊರಿನ ಕೊನೆಗೆ, ಸಣ್ಣ ಬುದ್ಧವಿಹಾರ ದಾಟಿದ ಮೇಲೆ. ಊರಿಗೆ ಏನೇ ಬಂದರೂ ಆ ಓಣಿಗೆ ಕೊನೆಗೇ ಬರುವುದು; ಅದು ನನಗೆ ಹೊಸದಲ್ಲ. ಆದರೆ ಅವತ್ತು ಓಣಿಯೇ ಅರ್ಧ ಇರಲಿಲ್ಲ. ಬಾಗಿಲಿಗೆ ಬೀಗ, ಬೀಗದ ಮೇಲೆ ಧೂಳು. ಒಂದು ಮನೆಯ ಕಟ್ಟೆಯ ಮೇಲೆ ಮಗುಚಿಟ್ಟ ಕೊಡ, ಅದರ ಪಕ್ಕ ಯಾರೋ ಮರೆತುಹೋದ ಒಂದು ಕಾಲಿನ ಚಪ್ಪಲಿ. ಉಳಿದ ಮನೆಗಳ ಹೆಂಗಸರು ವಿಹಾರದ ನೆರಳಿಗೆ ಖಾಲಿ ಕೊಡಗಳ ಸಾಲು ಹಚ್ಚಿ ಕೂತಿದ್ದರು. ದೊಡ್ಡವ್ವನೂ ಇದ್ದಳು. ನನ್ನನ್ನು ಕಂಡು ಎದ್ದು ಬಂದಳು, ತಲೆ ಸವರಿದಳು, ಆದರೆ ಮೊದಲಿನ ಹಾಗೆ ಅಪ್ಪಿಕೊಳ್ಳಲಿಲ್ಲ.

ನೀರಿನ ಮಾತು ನಾನೇ ತೆಗೆದೆ. ಕಂಪನಿಯ ನಕ್ಷೆಯನ್ನು ನನ್ನ ಫೋನಿಗೂ ಹಾಕಿಕೊಂಡಿದ್ದೆ. ಇವರಿಗೆ ಒಮ್ಮೆ ಕಣ್ಣಾರೆ ತೋರಿಸಿದರೆ ತಿಳಿಯುತ್ತದೆ ಎಂಬ ಹಟ. ಊರಿನ ವೃತ್ತವನ್ನು ದೊಡ್ಡದು ಮಾಡಿದೆ. ಹಳದಿ ಚುಕ್ಕೆ ರಸ್ತೆ ಬಿಟ್ಟು ಊರೊಳಗೆ ಬರುತ್ತಿತ್ತು.

"ನೋಡ್ರಿ, ಈಗ ಬರಲತ್ತದ. ಇನ್ನೆರಡು ಮಿನಿಟಿನ್ಯಾಗ ಇಲ್ಲಿರ್ತದ," ಎಂದೆ. ಎಷ್ಟು ಖುಷಿ ನನಗೆ!

ಹೆಂಗಸರು ಕೊಡ ಹಿಡಿದು ಎದ್ದರು. ಚುಕ್ಕೆ ಊರಿನ ನಡುವಿನ ಕಟ್ಟೆ ದಾಟಿತು. ವಿಹಾರದ ಹತ್ತಿರ ಬಂತು. ನಾವು ನಿಂತಿದ್ದಲ್ಲಿಗೇ ಬಂತು. ಆಮೇಲೆ ನಮ್ಮನ್ನು ದಾಟಿ ಓಣಿಯೊಳಗೆ ಹೋಗಿ ದೊಡ್ಡವ್ವನ ಬಾಗಿಲಲ್ಲಿ ನಿಂತಿತು. ಎಲ್ಲರೂ ಫೋನು ನೋಡಿದರು. ಆಮೇಲೆ ತಲೆಯೆತ್ತಿ ಓಣಿ ನೋಡಿದರು. ಟ್ಯಾಂಕರ್ ಇರಲಿಲ್ಲ. ದೊಡ್ಡವ್ವನ ಬಾಗಿಲಿನ ಎದುರು, ಗೋಡೆಯ ನೆರಳಿಗೆ ಒಂದು ಸೈಕಲ್ ಮೋಟಾರ್ ನಿಲ್ಲಿಸಿಕೊಂಡು ಒಬ್ಬ ಗಂಡಸು ಗುಟ್ಕಾ ಚೀಟಿ ಹರಿಯುತ್ತಿದ್ದ.

ನನಗೆ ಇನ್ನೂ ಹೊಳೆಯಲಿಲ್ಲ. ನೆಟ್‌ವರ್ಕ್ ತಡವಾಗುತ್ತಿರಬೇಕು ಎಂದು ಫೋನನ್ನು ಮೇಲೆತ್ತಿ ಅಲ್ಲಾಡಿಸಿದೆ. ದೊಡ್ಡವ್ವ ನನ್ನ ಕೈ ಹಿಡಿದು ಕೆಳಗಿಳಿಸಿದಳು.

"ಬಾಯಿ, ಈ ಸಂದಿ ಎಷ್ಟಗಲ ಅದ ನೋಡು. ಎತ್ತಿನ ಬಂಡಿ ಸುದ್ದೆ ತಿರಗಲ್ಲ ಇಲ್ಲಿ. ಅಷ್ಟ್ ದೊಡ್ಡ ಟ್ಯಾಂಕರ್ ನನ್ನ ಮನಿ ಮುಂದ ಹ್ಯಾಂಗ ಬಂದು ನಿಂದರ್ತದ?"

ಹುಟ್ಟಿದಾಗಿನಿಂದ ಕಂಡ ಓಣಿ. ಎರಡೂ ಕೈ ಚಾಚಿದರೆ ಎರಡೂ ಗೋಡೆಗೆ ಬೆರಳು ತಾಗುವಷ್ಟು ಇಕ್ಕಟ್ಟು ಎಂದು ಚಿಕ್ಕವಳಿದ್ದಾಗ ನಾನೇ ಅಳೆದು ನೋಡುತ್ತ ಓಡಿದ ಓಣಿ. ಟ್ಯಾಂಕರು ಅದರೊಳಗೆ ಹೋಗಿತ್ತು ಎಂದು ಪರದೆ ಹೇಳಿದಾಗ ನನಗೆ ಒಂದು ಸಲವೂ ಅನುಮಾನ ಬರಲಿಲ್ಲವಲ್ಲ!

ನಾನು ಆ ಗಂಡಸಿನ ಕಡೆಗೆ ನಡೆದೆ. ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲಿನ ಚೀಲದಿಂದ ಕೆಂಪು, ಕರಿ ಎರಡು ವೈರು ಹೊರಟು ಸೀಟಿನ ಕೆಳಗೆ ಹೋಗಿದ್ದವು. "ಚೀಲದಾಗ ಏನದ?" ಎಂದು ಕೇಳಿದೆ. ಅವನು ನನ್ನನ್ನು ನೋಡಿದ, ನನ್ನ ಹಿಂದೆ ಕೊಡ ಹಿಡಿದು ಬರುತ್ತಿದ್ದ ಹೆಂಗಸರನ್ನು ನೋಡಿದ, ಗುಟ್ಕಾ ಬಾಯಿಗೆ ಸುರುವಿಕೊಂಡು ಗಾಡಿ ಒದ್ದ. ಓಣಿಯ ಆ ತುದಿಯಿಂದ ಹಾರಿಹೋದ. ನನ್ನ ಕೈಯಲ್ಲಿನ ಫೋನಿನೊಳಗೆ ಚುಕ್ಕೆಯೂ ಓಡತೊಡಗಿತು. ಹೆಂಗಸರೆಲ್ಲ ನನ್ನ ಸುತ್ತ ಮುತ್ತಿ, ಅದು ವೃತ್ತ ದಾಟಿ ಔರಾದ್ ರಸ್ತೆಗೆ ಬೀಳುವವರೆಗೂ ನೋಡಿದರು. ಯಾರೂ ನಗಲಿಲ್ಲ, ಬೈಯಲಿಲ್ಲ. ಒಬ್ಬಾಕೆ ಮಾತ್ರ ಕೇಳಿದಳು.

"ಅಕ್ಕಾ, ಇದನ್ನೇ ದಿನಾ ನೋಡಿ ನೀರ ಬಂದದ ಅಂತ ಬರೀತಿದ್ರಾ ನೀವು?"

ನಾನು ಹೌದು ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಮರುದಿನ ನಾನು ಭಾಲ್ಕಿಗೆ ಹೋಗಲಿಲ್ಲ. ಬೀದರಿನ ಹಳೇ ಊರಿನಲ್ಲಿ ಗಾಡಿಗಳ ವೈರಿಂಗ್ ಮಾಡುವ ಒಬ್ಬ ಭಾಯಿ ಇದ್ದರು. ಆ ಡಬ್ಬಿಗಳನ್ನು ಟ್ಯಾಂಕರುಗಳಿಗೆ ಕೂರಿಸಿದ್ದು ಅವರೇ. ನಡೆದದ್ದನ್ನು ಹೇಳಿದೆ. ಅವರು ಕೈಯಲ್ಲಿದ್ದ, ವೈರು ಬೆಸೆಯುವ ಕಾವಿನ ಕಡ್ಡಿಯನ್ನು ಪಕ್ಕಕ್ಕಿಟ್ಟು ಎದ್ದೇ ನಿಂತರು.

"ಯಾ ಅಲ್ಲಾ! ನನ್ನ ಕೈಲೇ ಬೋಲ್ಟ್ ಹಾಕಿ ಬಿಗಿದೀನ್ರಿ ಮೇಡಂ. ನಡೀರಿ, ನೋಡೇ ಬಿಡೋಣು."

ಅವರ ಗಾಡಿಯ ಮೇಲೆಯೇ ಟ್ಯಾಂಕರುಗಳು ನೀರು ತುಂಬಿಸಿಕೊಳ್ಳುವ ಬೋರಿನ ಹತ್ತಿರ ಹೋದೆವು. ದೊಡ್ಡವ್ವನ ಊರಿನ ಟ್ಯಾಂಕರ್ ಅಲ್ಲಿಯೇ ನಿಂತಿತ್ತು, ಡ್ರೈವರ್ ಊಟಕ್ಕೆ ಹೋಗಿದ್ದ. ಭಾಯಿ ಬಗ್ಗಿ ಸೀಟಿನ ಹಿಂದೆ ಕೈಹಾಕಿದರು. ಡಬ್ಬಿ ಕೂರಿಸಿದ ಪಟ್ಟಿ ಇತ್ತು, ಡಬ್ಬಿ ಇರಲಿಲ್ಲ. ಕತ್ತರಿಸಿದ ಎರಡು ವೈರಿನ ತುದಿಗಳಿಗೆ ಅಚ್ಚುಕಟ್ಟಾಗಿ ಟೇಪು ಸುತ್ತಿದ್ದರು. ನಾನು ಫೋಟೊ ತೆಗೆದೆ. ಆ ನೀರು ಎಲ್ಲಿಗೆ ಹೋಗುತ್ತಿತ್ತು ಎಂದು ಅಲ್ಲಿದ್ದವರೇ ಹೇಳಿದರು: ದುಡ್ಡು ಕೊಟ್ಟವರ ಹೊಸ ಮನೆಗಳ ಕಟ್ಟಡಕ್ಕೆ, ಮದುವೆ ಮಂಟಪಗಳಿಗೆ. ಅದು ಅಲ್ಲಿ ಯಾರಿಗೂ ಗುಟ್ಟೇ ಆಗಿರಲಿಲ್ಲ. ಗೊತ್ತಿಲ್ಲದವಳು ಎಲ್ಲವನ್ನೂ ನೋಡುತ್ತಿದ್ದೇನೆ ಎಂದುಕೊಂಡ ನಾನೊಬ್ಬಳೇ.

ವಾಪಸು ಬರುವಾಗ ಭಾಯಿ ಹೇಳಿದರು, "ಆ ಡಬ್ಬಿಗಿ ಟ್ಯಾಂಕರ್ ಯಾವ್ದು, ಸೈಕಲ್ ಮೋಟಾರ್ ಯಾವ್ದು ಏನ್ ಮಾಲೂಮ್ರಿ ಮೇಡಂ? ಬಾರಾ ವೋಲ್ಟ್ ಕರೆಂಟ್ ಸಿಕ್ಕರ ಸಾಕು, ಎಲ್ಲಿದ್ರೂ ಚಾಲು. ನೀರಂತೂ ಅದಕ್ಕ ಗೊತ್ತೇ ಇಲ್ಲ."

ಅಂದು ಸಂಜೆ ಮನೆಯಲ್ಲಿ ಕೂತು ಆ ಟ್ಯಾಂಕರಿನ ಹಿಂದಿನ ತಿಂಗಳ ದಾಖಲೆ ತೆಗೆದೆ. ವೇಗದ ಕಾಲಮ್ಮು ಅಲ್ಲಿತ್ತು. ಮೊದಲಿನಿಂದಲೂ ಇತ್ತು. ಪರದೆ ಗಿಜಿಗಿಜಿ ಕಾಣುತ್ತದೆ ಎಂದು ನಾನೇ ಅದನ್ನು ಅಡಗಿಸಿಟ್ಟಿದ್ದೆ. ಈಗ ತೆರೆದರೆ, ನೀರು ತುಂಬಿದ ಟ್ಯಾಂಕರು ಹಳ್ಳಿಯ ಕಚ್ಚಾ ರಸ್ತೆಯಲ್ಲಿ ಗಂಟೆಗೆ ಅರವತ್ತರ ವೇಗದಲ್ಲಿ ಹಾರಿಹೋಗಿದೆ! ಕಣ್ಣಿದ್ದ ಯಾರಿಗಾದರೂ ಮೊದಲ ವಾರವೇ ಗೊತ್ತಾಗಬೇಕಿತ್ತು. ಯಂತ್ರ ಎಲ್ಲವನ್ನೂ ಹೇಳಿತ್ತು. ಚೆಂದ ಕಾಣಲಿ ಎಂದು ಅದರ ಬಾಯಿ ಮುಚ್ಚಿದ್ದು ನಾನು. ತಂತ್ರಾಂಶ ಮಾಡುವವರು ಸರಳ, ಸ್ವಚ್ಛ, ಸುಂದರ ಎಂದು ಹೊಗಳಿಕೊಳ್ಳುವುದನ್ನು ಕೇಳಿದಾಗ ನನಗೆ ಈಗ ಮೊದಲು ಬರುವ ಪ್ರಶ್ನೆ ಒಂದೇ: ಏನನ್ನು ಅಡಗಿಸಿದ್ದೀರಿ?

ಫೋಟೊ, ವೇಗದ ಪಟ್ಟಿ ಎಲ್ಲ ಅಚ್ಚು ಹಾಕಿಸಿಕೊಂಡು ಮಂಗಳವಾರ ಮ್ಯಾನೇಜರ್ ಮೇಜಿನ ಮೇಲೆ ಇಟ್ಟೆ. ಅವರು ಕಾಗದಗಳನ್ನು ಒಂದೊಂದಾಗಿ ನೋಡಿದರು. ಆಶ್ಚರ್ಯವಾದಂತೆ ಕಾಣಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ನೋಡಿಯಮ್ಮ, ನಮ್ಮ ಕರಾರಿನಲ್ಲಿ ಇರುವುದು ಡಬ್ಬಿ ಎಲ್ಲಿದೆ ಎಂದು ತೋರಿಸುವುದು. ನಾವು ತೋರಿಸುತ್ತಿದ್ದೇವೆ. ನೀರು ತೋರಿಸುತ್ತೇವೆ ಎಂದು ನಾವು ಎಲ್ಲೂ ಬರೆದುಕೊಟ್ಟಿಲ್ಲ."

"ಹಾಗಾದರೆ ದೂರು ಪರಿಹಾರವಾಯಿತು ಎಂದು ಯಾಕೆ ಕಳಿಸುತ್ತಿದ್ದೆವು ಸರ್?"

"ಅದು ತಂತ್ರಾಂಶದಲ್ಲಿ ಇರುವ ಪದ. ನೀವು ಭಾವುಕರಾಗಬೇಡಿ. ಬೇಕಾದರೆ ಡಬ್ಬಿಗೆ ಸೀಲು ಹಾಕಿಸಿ ಎಂದು ಮೇಲೆ ಬರೆಯೋಣ."

"ನಾನು ಮುಚ್ಚಿದ ದೂರುಗಳನ್ನೆಲ್ಲ ಮತ್ತೆ ತೆರೆಯುತ್ತೇನೆ."

ಅವರು ಮೊದಲ ಸಲ ನಕ್ಕರು. "ತೆರೆಯಿರಿ ನೋಡೋಣ."

ಯಾಕೆ ನಕ್ಕರು ಎಂದು ನನ್ನ ಕುರ್ಚಿಗೆ ಬಂದು ಕೂತ ಮೇಲೆ ತಿಳಿಯಿತು. ಮುಚ್ಚಿದ ದೂರನ್ನು ತೆರೆಯುವ ಗುಂಡಿಯೇ ಇರಲಿಲ್ಲ. ಮುಚ್ಚಲು ಬೇಕಾದಷ್ಟು ದಾರಿ ಇದ್ದವು, ಒಂದನ್ನು ನಾನೇ ಸೇರಿಸಿದ್ದೆ. ತಪ್ಪಾಯಿತು, ಮತ್ತೆ ನೋಡುತ್ತೇನೆ ಎನ್ನಲು ಒಂದೂ ಇಲ್ಲ. ಯಾರೋ ಒಬ್ಬ ಬುದ್ಧಿವಂತ ಎಲ್ಲೋ ತಣ್ಣಗಿನ ಕೋಣೆಯಲ್ಲಿ ಕೂತು ಇದನ್ನು ಬರೆಯುವಾಗ, ದೂರು ಮುಚ್ಚುವವರಿಂದ ತಪ್ಪಾಗಬಹುದು ಎಂದು ಒಂದು ಕ್ಷಣವೂ ಯೋಚಿಸಿಲ್ಲ. ದೂರು ಕೊಡುವವರು ಮಾತ್ರ ತಪ್ಪು ಮಾಡುತ್ತಾರೆ. ಅದಕ್ಕೇ ಅವರಿಗೆ ಹೆಜ್ಜೆಹೆಜ್ಜೆಗೂ ಕೆಂಪು ಅಕ್ಷರದ ಎಚ್ಚರಿಕೆ. ನಾನು ಕುರ್ಚಿಯನ್ನು ಹಿಂದಕ್ಕೆ ಒದ್ದು ಎದ್ದೆ, ಮತ್ತೆ ಕೂತೆ. ತೆರೆಯಲು ಆಗದಿದ್ದರೆ ಬೇಡ. ನಾನು ಮುಚ್ಚಿದ ಒಂದೊಂದು ದೂರನ್ನೂ ನನ್ನ ಹೆಸರಿನಲ್ಲಿ ಹೊಸದಾಗಿ ಕೊಡತೊಡಗಿದೆ. ಊರು, ದಿನ, ವೇಗದ ವಿವರ, ಟೇಪು ಸುತ್ತಿದ ವೈರಿನ ಫೋಟೊ. ಬೆರಳು ನೋಯುವವರೆಗೆ ಬರೆದೆ. ಮಧ್ಯಾಹ್ನದ ಹೊತ್ತಿಗೆ ಪರದೆ ಬಿಳುಚಿತು, ನನ್ನ ಪಾಸ್‌ವರ್ಡ್ ನಡೆಯಲಿಲ್ಲ. ಮ್ಯಾನೇಜರ್ ಬಂದು, ನಾಳೆಯಿಂದ ಬರುವುದು ಬೇಡ ಎಂದರು. ನಾನು ಅವರಿಗೆ ಏನಂದೆನೋ ಬರೆಯುವುದಿಲ್ಲ, ಅಮ್ಮ ಓದುತ್ತಾಳೆ. ಕೆಳಗಿನ ಬಟ್ಟೆ ಅಂಗಡಿಯವರು ಮೆಟ್ಟಿಲವರೆಗೆ ಬಂದು ನೋಡಿದರು ಎಂಬುದಷ್ಟು ನಿಜ.

ಕಾಗದಗಳ ಇನ್ನೊಂದು ಪ್ರತಿಯನ್ನು ನೀರಿನ ಉಸ್ತುವಾರಿಯ ಅಧಿಕಾರಿಯೊಬ್ಬರಿಗೆ ಕೊಟ್ಟೆ. ದೊಡ್ಡವ್ವ ಓಣಿಯ ಹೆಂಗಸರನ್ನು ಕರೆದುಕೊಂಡು ತಾನೂ ಬಂದಿದ್ದಳು. ಅಧಿಕಾರಿ ಕಾಗದ ತಿರುವುತ್ತ, "ಯಾರು ಹೇಳಿಕೊಟ್ಟರು ನಿಮಗೆ ಇದೆಲ್ಲ?" ಎಂದು ಕೇಳಿದಾಗ ಅವಳು ನನ್ನನ್ನು ತೋರಿಸಿ, "ನಮ್ಮ ಪೋರಿ ಅದಾಳ್ರಿ. ತಪ್ಪೂ ಈಕಿದೇ, ಹಿಡಿದಕಿನೂ ಈಕಿನೇ," ಎಂದಳು. ಅಷ್ಟು ಮಂದಿಯ ಎದುರು ತಲೆತಗ್ಗಿಸಿ ನಿಂತಿದ್ದೆ. ಆದರೆ ಹೊರಗೆ ಬಂದ ಮೇಲೆ ಅವಳು ಸೆರಗಿನಿಂದ ನನ್ನ ಮುಖದ ಬೆವರು ಒರೆಸಿದಳು. ಎಂಟು ಹತ್ತು ದಿನಗಳಲ್ಲಿ ಆ ಟ್ಯಾಂಕರು ಹೋಗಿ ಬೇರೊಂದು ಬಂತು. ದಿನ ಬಿಟ್ಟು ದಿನ ವಿಹಾರದ ತನಕ ಬರುತ್ತಿತ್ತು. ಯಾರಿಗೂ ಶಿಕ್ಷೆಯಾಗಲಿಲ್ಲ. ಆ ಸೈಕಲ್ ಮೋಟಾರಿನವನನ್ನು ಆಮೇಲೆ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಕಂಡೆ. ಅವನೂ ಗಂಟು ಹೊತ್ತು ಹೈದರಾಬಾದಿನ ಬಸ್ಸು ಕೇಳುತ್ತಿದ್ದ. ಅವನ ಮೇಲೆ ನನಗೆ ಬರಬೇಕಾದಷ್ಟು ಸಿಟ್ಟು ಬರಲಿಲ್ಲ. ಮ್ಯಾನೇಜರ್ ಮಾತ್ರ ಇನ್ನೂ ದೊಡ್ಡ ಕೆಲಸಕ್ಕೆ ಹೋದರೆಂದು ಕೇಳಿದೆ.

ನನ್ನ ಹತ್ತಿರ ಒಂದು ನೋಟ್‌ಬುಕ್ಕು ಉಳಿದಿತ್ತು. ಮೊದಮೊದಲು, ಆ ಒಂದೇ ಸಲಕ್ಕೆ ಮುಚ್ಚುವ ಉಪಾಯ ಮಾಡುವ ಮುಂಚೆ, ದೂರು ಕೊಟ್ಟವರ ಫೋನ್ ನಂಬರುಗಳನ್ನು ಅದರಲ್ಲಿ ಬರೆದುಕೊಳ್ಳುತ್ತಿದ್ದೆ. ಕೆಲಸವಿಲ್ಲದ ಆ ದಿನಗಳಲ್ಲಿ ಚಿದ್ರಿಯ ಮನೆಯಲ್ಲಿ ಕೂತು ಒಬ್ಬೊಬ್ಬರಿಗೇ ಫೋನು ಮಾಡಿ ತಪ್ಪು ಒಪ್ಪಿಕೊಂಡೆ. ಕೆಲವು ನಂಬರು ಬಂದ್ ಆಗಿದ್ದವು. ಕೆಲವರಿಗೆ ನಾನು ಯಾರು, ಏನು ಹೇಳುತ್ತಿದ್ದೇನೆ ಎಂದೇ ಅರ್ಥವಾಗಲಿಲ್ಲ. ಒಬ್ಬ ಬೈದ, ಬೈಸಿಕೊಂಡೆ. ಇನ್ನೊಬ್ಬ, ಪರಿಹಾರ ಆಗಿದೆ ಎಂಬ ಸಂದೇಶ ನೋಡಿ ನಾಳೆ ನೀರು ಬರುತ್ತದೆ ಎಂದುಕೊಂಡು, ಊರು ಬಿಡಲು ಹೊರಟಿದ್ದವರು ಗಂಟು ಬಿಚ್ಚಿ ನಾಲ್ಕು ದಿನ ಕಾದೆವು ಎಂದ. ಅಷ್ಟರಲ್ಲಿ ಅವನು ಹೋಗಬೇಕಿದ್ದ ಕೆಲಸಕ್ಕೆ ಬೇರೆಯವರು ಸೇರಿಕೊಂಡಿದ್ದರು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೊನೆಯ ದಿನ ಒಬ್ಬಾಕೆ ಫೋನೆತ್ತಿದಳು. ಹಿಂದೆ ಏನೋ ಗದ್ದಲ. ಹೈದರಾಬಾದಿನಲ್ಲಿ ಒಂದು ದೊಡ್ಡ ಕಟ್ಟಡದ ಕೆಲಸದಲ್ಲಿದ್ದೇನೆ ಎಂದಳು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ.

"ಈಗ್ಯಾಕ್ರಿ ಅಕ್ಕಾರ ಅದೆಲ್ಲ," ಎಂದಳು. "ಇಲ್ಲಿ ನೀರಿಗೇನ್ ಬರ ಇಲ್ರಿ. ಹೊಸ ಗೋಡಿಗಿ ಮುಂಜಾನಿ ಸಂಜೀಕ ಪೈಪ್ ಹಿಡದು ನೀರ ಹೊಡಿಬೇಕು, ಇಲ್ಲಂದ್ರ ಸಿಮೆಂಟ್ ಒಡೀತದಂತ. ಅದೇ ನನ್ನ ಕೆಲಸ."

"ಕುಡಿಲಿಕ್ಕ?" ಎಂದು ಕೇಳಿದೆ.

"ಅದೇ ಪೈಪಿನದೇ ಕುಡಿತೇವ್ರಿ."

ಯಾರೋ ಅವಳನ್ನು ತೆಲುಗಿನಲ್ಲಿ ಕೂಗಿದರು. ಇಡ್ತೇನಿ ಅಕ್ಕಾರ ಎಂದಳು, ಆದರೆ ಫೋನು ಕಟ್ಟಾಗಲಿಲ್ಲ. ಹಾಗೆಯೇ ಸೊಂಟಕ್ಕೆ ಸಿಕ್ಕಿಸಿಕೊಂಡಳು ಅಂತ ಕಾಣುತ್ತದೆ. ನೀರು ರಭಸದಿಂದ ಗೋಡೆಗೆ ಬಡಿಯುವ ಸದ್ದು ಕೇಳತೊಡಗಿತು. ನಾನೂ ಕಟ್ ಮಾಡಲಿಲ್ಲ. ಹಲ್ಲು ಕಚ್ಚಿಕೊಂಡು, ಆ ಸದ್ದು ನಿಲ್ಲುವ ತನಕ ಕೇಳುತ್ತ ಕೂತೆ.